ಬೋರ್ಡ್ ಇಲ್ಲದ ಬಾಗಿಲು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನನ್ನ ಕೆಲಸಕ್ಕೆ ಆಘಾತಗಳು ಹಾಗೆ ಬರುತ್ತವೆ. ಒಂದನ್ನು ಸುಧಾರಿಸಿಕೊಂಡು ಒಂದು ಲೋಟ ನೀರು ಕುಡಿಯೋಣ ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನನ್ನ ಕೆಲಸದ ಹೆಸರು ಕಂಟೆಂಟ್ ಡಿಸೈನ್. ಹಾಗೆಂದರೆ ಯಾರಿಗೂ ಅರ್ಥವಾಗುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ನಿಮ್ಮ ಕಣ್ಣಿಗೆ ಬೀಳುವ ಬೋರ್ಡು, ಮೊಬೈಲಿಗೆ ಬರುವ ಮೆಸೇಜು, ಕೈಗೆ ಕೊಡುವ ಸೂಚನೆಯ ಚೀಟಿ, ಇವನ್ನೆಲ್ಲ ಯಾರೋ ಕೂತು ತಲೆ ಕೆಡಿಸಿಕೊಂಡು ಬರೆದಿರುತ್ತಾರೆ. ಆ ತಲೆಗಳಲ್ಲಿ ನನ್ನದೂ ಒಂದು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ನಮ್ಮದು ಎರಡು ರೂಮಿನ ಆಫೀಸು. ನಾವಿರುವುದು ಮೂವರು. ನಾನು. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಡಿಸೈನರ್, ಧೈರ್ಯ ಒಂದು ಬಿಟ್ಟು ಉಳಿದೆಲ್ಲ ಇರುವ ಮನುಷ್ಯ. ಮತ್ತೆ ನಮ್ಮ ಕನ್ನಡದ ಮೇಷ್ಟ್ರು, ನಿವೃತ್ತರಾದರೂ ಪಾಠ ನಿಲ್ಲಿಸದವರು.

ಈಚೆಗೆ ನಮಗೊಂದು ಭಾರೀ ಕೆಲಸ ಸಿಕ್ಕಿತು. ಇಬ್ಬರು ಅಣ್ಣತಮ್ಮಂದಿರು ಹರಿಹರದಲ್ಲಿ ಹೊಸ ಆಸ್ಪತ್ರೆ ಕಟ್ಟಿಸಿದ್ದರು. ತಮ್ಮ ಡಾಕ್ಟ್ರು, ದಾವಣಗೆರೆಯಲ್ಲಿ ಆಗಲೇ ಒಂದು ಆಸ್ಪತ್ರೆ ನಡೆಸುತ್ತಿರುವವರು. ಅಣ್ಣ ಅಕ್ಕಿ ಗಿರಣಿಯವರು, ಎಲ್ಲರ ಬಾಯಲ್ಲೂ 'ಅಣ್ಣಾರು'. ಕಟ್ಟಡದ ಒಳಗೆ ಹೊರಗೆ ಕಾಣುವ ಪ್ರತಿ ಅಕ್ಷರವೂ ನಮ್ಮದೇ ಜವಾಬ್ದಾರಿ. ಈ ಕೆಲಸ ಕೈಯಲ್ಲಿ ಉಳಿದರೆ ನಮ್ಮ ಆಫೀಸು ಉಳಿಯುತ್ತದೆ, ಕೈತಪ್ಪಿದರೆ ಎರಡು ರೂಮಿಗೂ ಬೀಗ. ಇಷ್ಟು ತಿಳಿದಿದ್ದರೆ ಸಾಕು, ಮುಂದಿನದ್ದು ಅರ್ಥವಾಗುತ್ತದೆ.

ಬೋರ್ಡ್ ಬರೆಯುವ ಮೇಡಂ

ನಿಟ್ಟುವಳ್ಳಿಯಲ್ಲಿ ನನ್ನನ್ನು 'ಬೋರ್ಡ್ ಬರೆಯೋ ಮೇಡಂ' ಎಂದೇ ಕರೆಯುತ್ತಾರೆ. ನಮ್ಮ ಎದುರು ಮನೆಯ ಯಜಮಾನರು ಒಂದು ದಿನ ಬಂದು, "ಮೇಡಂ, ನಮ್ಮ ಗೇಟಿನ ಮುಂದೆ ಕಂಡಕಂಡೋರು ಗಾಡಿ ನಿಲ್ಲಿಸ್ತಾರೆ. ಒಂದು ಬೋರ್ಡ್ ಬರ್ದುಕೊಡ್ರಿ" ಎಂದರು. ಅಲ್ಲಿ ಆಗಲೇ ಅವರೇ ಬರೆದ ಬೋರ್ಡಿತ್ತು. ಗಾಡಿ ನಿಲ್ಲಿಸುವವರನ್ನು ಕತ್ತೆ ಎಂದು ಕರೆದಿತ್ತು, ಅವರ ತಂದೆಯನ್ನೂ ಬಿಟ್ಟಿರಲಿಲ್ಲ.

ನಾನು ನನ್ನ ವಿದ್ಯೆಯೆಲ್ಲ ಖರ್ಚು ಮಾಡಿದೆ. ಜನಕ್ಕೆ ಬೈದರೆ ಕೇಳುವುದಿಲ್ಲ, ಕಾರಣ ಹೇಳಿದರೆ ಕೇಳುತ್ತಾರೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. "ದಯವಿಟ್ಟು ಇಲ್ಲಿ ಗಾಡಿ ನಿಲ್ಲಿಸಬೇಡಿ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ತುರ್ತಿಗೆ ಆಟೋ ಒಳಗೆ ಬರಬೇಕಾಗುತ್ತದೆ" ಎಂದು ಬರೆದೆ. ಓದಿ ಯಜಮಾನರ ಕಣ್ಣೇ ಒದ್ದೆಯಾಯಿತು.

ಮಾರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಗೇಟಿನ ಮುಂದೆ ಎಂದಿಗಿಂತ ಹೆಚ್ಚು ಗಾಡಿ! ನನಗೆ ದಿಕ್ಕೇ ತೋಚಲಿಲ್ಲ. ಆಗ ತಾನೇ ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಿದ್ದವರೊಬ್ಬರನ್ನು ಹಿಡಿದು ಕೇಳಿದೆ, "ಬೋರ್ಡ್ ಓದಲಿಲ್ವೇನ್ರಿ?"

"ಓದಿದೆ ಮೇಡಂ. ದಿನಾ ಇದೇ ದಾರೀಲಿ ಓಡಾಡ್ತೀವಿ, ಒಳಗೆ ವಯಸ್ಸಾದ ಅಮ್ಮ ಅದಾರೆ ಅಂತ ಗೊತ್ತೇ ಇರ್ಲಿಲ್ಲ ನೋಡ್ರಿ. ಹೆಂಗದಾರೆ ಅಂತ ಮಾತಾಡಿಸಿಕೊಂಡು ಹೋಗೋಣ ಅಂತ ನಿಲ್ಲಿಸಿದೆ" ಎಂದರು.

ಒಳಗೆ ಇಣುಕಿದೆ. ಪಡಸಾಲೆ ತುಂಬ ಜನ. ನಡುವೆ ಅಮ್ಮ ಚಾ ಕುಡಿಯುತ್ತ, "ಆ ಬೋರ್ಡ್ ಬರ್ದ ಹುಡುಗಿ ಚೆನ್ನಾಗಿರ್ಲಿ. ನಮ್ಮನಿಗೆ ಇಷ್ಟು ಜನ ಎಂದೂ ಬಂದಿರ್ಲಿಲ್ಲ" ಎನ್ನುತ್ತಿದ್ದರು.

ಮಂಡಕ್ಕಿ ಬಂದ ಮೇಲೆ

ಆಸ್ಪತ್ರೆಯ ಮೊದಲ ಮೀಟಿಂಗು ನಡೆದದ್ದು ಅಣ್ಣಾರ ಅಕ್ಕಿ ಗಿರಣಿಯ ಆಫೀಸಿನಲ್ಲಿ. ನಾನು ಲ್ಯಾಪ್‌ಟಾಪ್ ತೆರೆದು, ಯಾವ ಬಾಗಿಲಿಗೆ ಏನು ಬರೆಯಬೇಕು, ಕನ್ನಡ ಎಷ್ಟು, ಇಂಗ್ಲಿಷ್ ಎಷ್ಟು ಎಂದು ಶುರು ಮಾಡಿದೆ. ಎರಡು ಮಾತು ಆಡುವಷ್ಟರಲ್ಲಿ ದೊಡ್ಡ ಸ್ಟೀಲ್ ಪರಾತ ಬಂತು. ಅದರ ತುಂಬ ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿಬಿಸಿ ಮಿರ್ಚಿ ಬಜ್ಜಿ. ಎಲ್ಲರೂ ಒಂದೇ ಪರಾತಕ್ಕೆ ಕೈ ಹಾಕಿದರು.

ಆಮೇಲೆ ನಾನು ಏನು ಹೇಳಿದರೂ, "ಆಗ್ಲಿ ಬಿಡ್ರಿ." ಡಾಕ್ಟ್ರೂ ಆಗ್ಲಿ ಬಿಡ್ರಿ, ಅಣ್ಣಾರೂ ಆಗ್ಲಿ ಬಿಡ್ರಿ, ನಮ್ಮ ಮೇಷ್ಟ್ರೂ ಆಗ್ಲಿ ಬಿಡ್ರಿ. ಇಷ್ಟು ಸಲೀಸಾದ ಮೀಟಿಂಗ್ ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮನೆಗೆ ಬಂದು ಪಾಯಸ ಮಾಡಿ ಬಡಿಸಿದೆ.

ಬೆಳಗಾಗುತ್ತಲೇ ಡಾಕ್ಟ್ರ ಫೋನು. "ಮೇಡಂ, ನಿನ್ನೆ ಹೇಳೋಕೆ ಆಗ್ಲಿಲ್ಲ. ಅದರಲ್ಲಿ ಯಾವುದೂ ಬ್ಯಾಡ." ಅದನ್ನು ಇಡುವಷ್ಟರಲ್ಲಿ ಅಣ್ಣಾರದು. "ಯಾವುದೂ ಸರಿ ಇಲ್ರಿ. ನನ್ನ ತಮ್ಮಗೆ ಹೇಳಬ್ಯಾಡ್ರಿ." ಕೊನೆಗೆ ನಮ್ಮ ಮೇಷ್ಟ್ರೇ, ನಮ್ಮದೇ ಆಫೀಸಿನವರು, ಮೇಜಿನ ಆ ಕಡೆ ಕೂತು, "ನನಗೂ ಕೆಲವು ಆಕ್ಷೇಪಣೆ ಇವೆ" ಎಂದರು.

ನಾನು ದಂಗಾದೆ. "ನಿನ್ನೆ ಬಾಯಿ ಬಿಡಬಾರದಿತ್ತೇ ಮೇಷ್ಟ್ರೇ?"

"ಒಂದೇ ಪರಾತಕ್ಕೆ ಕೈ ಹಾಕಿ ತಿನ್ನೋವಾಗ ಹೆಂಗಮ್ಮಾ ಬ್ಯಾಡ ಅನ್ನೋದು?" ಎಂದು ಅವರೇ ನನ್ನನ್ನು ದಂಗುಬಡಿದು ನೋಡಿದರು. ಇಷ್ಟೂ ಗೊತ್ತಿಲ್ಲದವಳು ಮೀಟಿಂಗ್ ಮಾಡುತ್ತಾಳಲ್ಲ ಎಂಬ ನೋಟ.

ಸರಿ, ಮುಂದಿನ ಮೀಟಿಂಗಿಗೆ ಕಟ್ಟಪ್ಪಣೆ ಮಾಡಿದೆ, ಮಾತು ಮುಗಿಯುವ ತನಕ ಮಂಡಕ್ಕಿ ಒಳಗೆ ಬರಕೂಡದು. ಆಗ ನೋಡಬೇಕಿತ್ತು! ಅಣ್ಣತಮ್ಮಂದಿರು ಕಟ್ಟಡದ ಪಾಯದಿಂದ ಶುರು ಮಾಡಿ ಜಗಳ ತೆಗೆದರು. "ಇಷ್ಟು ಬೋರ್ಡ್ ಯಾಕ್ರಿ ಬೇಕು? ಜನಕ್ಕೆ ಬಾಯಿ ಐತೆ, ಕೇಳ್ತಾರೆ" ಎಂದು ಅಣ್ಣಾರು ಮೇಜು ಕುಟ್ಟಿದರು. ಆಮೇಲೆ ಶವಾಗಾರದ ಮಾತು ಬಂತು. ಅಣ್ಣಾರ ಮುಖ ಕಪ್ಪಿಟ್ಟಿತು. ಅವರು ಹಳೆಯ ಕಾಲದ ವ್ಯಾಪಾರಸ್ಥರು. ಸಂಜೆ ಅಂಗಡಿ 'ಮುಚ್ಚು' ಎನ್ನುವುದಿಲ್ಲ, 'ಬಾಗಿಲು ಮುಂದೆ ಮಾಡು' ಎನ್ನುತ್ತಾರೆ. ಅಂಥವರ ಮುಂದೆ ಆ ಪದ ಆಡಿಬಿಟ್ಟಿದ್ದೆ.

"ಆ ರೂಮಿಗೆ ಬೋರ್ಡ್ ಬ್ಯಾಡ. ಶುಭ ಕೆಲಸ ಮಾಡ್ತೀವಿ, ಬಂದೋರ ಕಣ್ಣಿಗೆ ಅದೇ ಬೀಳ್ಬೇಕೇನ್ರಿ? ಅದು ಎಲ್ಲೈತೆ ಅಂತ ನನಗೂ ಹೇಳಬ್ಯಾಡ್ರಿ!" ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. "ಉದ್ಘಾಟನೆ ಹಿಂದಿನ ದಿನ ನಾನೇ ಬಂದು ನೋಡ್ತೀನಿ. ಬೋರ್ಡಿಂದ ಉಪಯೋಗ ಐತೆ ಅನ್ನಿಸಿದ್ರೆ ಮುಂದಿನ ಕೆಲ್ಸನೂ ನಿಮಗೇ. ಇಲ್ಲಾಂದ್ರೆ ಬೆಂಗಳೂರಿನ ಕಂಪನಿಯೋರು ದಿನಾ ಫೋನ್ ಮಾಡ್ತಾರೆ."

ಡಾಕ್ಟ್ರು ಕುರ್ಚಿ ಹಿಂದೆ ತಳ್ಳಿ ಎದ್ದರು, ಮೇಷ್ಟ್ರು ಎದ್ದರು, ಮೇಜಿನ ಕೆಳಗೆ ನೋಡಿದರೆ ಡಿಸೈನರ್ ಪೆನ್ನು ಹುಡುಕುವ ನೆಪದಲ್ಲಿ ಅಲ್ಲೇ ಕೂತಿದ್ದ. ಇನ್ನೇನು ಕೈ ಮಿಲಾಯಿಸುತ್ತಾರೆ ಎನ್ನುವಾಗ ನಾನೇ ಬಾಗಿಲಿಗೆ ಓಡಿ ಕೂಗಿದೆ, "ಮಂಡಕ್ಕಿ ತರ್ರೀ! ಮಿರ್ಚಿ ಜಾಸ್ತಿ ಹಾಕ್ಕೊಂಡು ಬರ್ರೀ!"

ಸಂತೋಷದ ದಿನ

ಮಂಡಕ್ಕಿಯ ಕಾಟ ತಪ್ಪಲಿ ಎಂದು ಒಂದು ವಾಟ್ಸಾಪ್ ಗ್ರೂಪ್ ಮಾಡಿದೆವು. ಬರೆದದ್ದನ್ನು ಅಲ್ಲಿ ಹಾಕುವುದು, ನೋಡಿದವರು ಅಲ್ಲೇ ಅಭಿಪ್ರಾಯ ಹೇಳುವುದು. ಎದುರಾಬದುರಾ ಕೂತರೆ ತಾನೇ ದಾಕ್ಷಿಣ್ಯ?

ಮೇಷ್ಟ್ರು ಆಸ್ಪತ್ರೆಯ ಬಾಗಿಲಿಗೆ ಸ್ವಾಗತದ ಫಲಕ ಬರೆಯಲು ಒಂದು ವಾರ ತೆಗೆದುಕೊಂಡರು. ಒಂದು ಬೆಳಿಗ್ಗೆ ಅದು ಮುಗಿಯಿತು. ತಕ್ಷಣ ಗ್ರೂಪಿಗೆ ಹಾಕಿದರು. "ಇದು ನಮಗೆ ಅತ್ಯಂತ ಸಂತೋಷದ ದಿನ! ತಮಗೂ ತಮ್ಮ ಕುಟುಂಬದ ಸರ್ವರಿಗೂ ಆದರದ ಸ್ವಾಗತ."

ಅದಕ್ಕೆ ಅರೆಗಳಿಗೆ ಮುಂಚೆ ಅಣ್ಣಾರು ಒಂದು ಸುದ್ದಿ ಹಾಕಿದ್ದರು. ಮಲೆಬೆನ್ನೂರಿನ ಅವರ ಸೋದರಮಾವ ತೀರಿಕೊಂಡಿದ್ದರು. ಬರೆಯುವ ಭರದಲ್ಲಿದ್ದ ಮೇಷ್ಟ್ರು ಅದನ್ನು ನೋಡಿರಲಿಲ್ಲ.

ಮೊದಲು ಫೋನ್ ಬಂದದ್ದು ಮೇಷ್ಟ್ರಿಂದ. "ಇಷ್ಟು ವರ್ಷ ಬರೆದಿದೀನಮ್ಮಾ. ಇಂಥ ಪ್ರತಿಕ್ರಿಯೆ ಎಲ್ಲೂ ಬಂದಿಲ್ಲ. ಡಾಕ್ಟ್ರು 'ಭಾವಪೂರ್ಣ ಶ್ರದ್ಧಾಂಜಲಿ' ಅಂದಾರೆ. ನಮ್ಮ ಡಿಸೈನರ್ 'ದುಃಖ ಭರಿಸುವ ಶಕ್ತಿ ದೇವರು ಕೊಡಲಿ' ಅಂತ ಹಾಕಿದಾನೆ. ಅಷ್ಟು ಕೆಟ್ಟದಾಗಿದೆಯೇ ನನ್ನ ಕನ್ನಡ?"

ನಾನು ಗ್ರೂಪ್ ತೆರೆದೆ. ಮೇಲೆ ಸಾವಿನ ಸುದ್ದಿ, ಅದರ ಬೆನ್ನಿಗೇ ಸಂತೋಷದ ದಿನ, ಕುಟುಂಬದ ಸರ್ವರಿಗೂ ಆದರದ ಸ್ವಾಗತ! ವಿಷಯ ತಿಳಿದಾಗ ಮೇಷ್ಟ್ರು ಗೋಡೆ ಹಿಡಿದುಕೊಂಡರು.

ಸಿಕ್ಕ ಬಸ್ಸು ಹತ್ತಿ ಮಲೆಬೆನ್ನೂರಿಗೆ ಓಡಿದೆವು. ದಾರಿಯುದ್ದಕ್ಕೂ ಮೇಷ್ಟ್ರು ಕ್ಷಮಾಪಣೆಯ ಮಾತುಗಳನ್ನು ತಿದ್ದುತ್ತಲೇ ಇದ್ದರು. ಮಾವನ ಮನೆಯ ಮುಂದೆ ಶಾಮಿಯಾನದ ಕೆಳಗೆ ಅಣ್ಣಾರು ಮಾವನ ಮಕ್ಕಳ ಜೊತೆ ಕೂತಿದ್ದರು. ನಮ್ಮನ್ನು ನೋಡಿ ನನ್ನ ಕಡೆ ತಿರುಗಿ, "ನೋಡಿದ್ರಾ ಮೇಡಂ? ಬರೀತಾ ಹೋದ್ರೆ ಹಿಂಗೇ ಆಗೋದು. ಅದಕ್ಕೇ ನಾನು ಬಾಯಿ ಐತೆ, ಬೋರ್ಡ್ ಬ್ಯಾಡ ಅಂದಿದ್ದು" ಎಂದರು. ನಮ್ಮ ಆಫೀಸಿಗೆ ಬೀಗ ಬಿದ್ದದ್ದು ನನ್ನ ಕಣ್ಣಿಗೆ ಕಟ್ಟಿತು.

ಮೇಷ್ಟ್ರು ಕೈ ಜೋಡಿಸಿ, "ದಯವಿಟ್ಟು ಕ್ಷಮಿಸಬೇಕು" ಎಂದರು, ದಾರಿಯಲ್ಲಿ ತಿದ್ದಿದ್ದರಲ್ಲಿ ಅಷ್ಟೇ ನೆನಪಿಗೆ ಬಂತು.

"ಕ್ಷಮೆ ಗಿಮೆ ಬ್ಯಾಡ ಬಿಡ್ರಿ ಮೇಷ್ಟ್ರೇ" ಎಂದು ಅಣ್ಣಾರು ದನಿ ತಗ್ಗಿಸಿದರು. "ಮಾವ ಬದುಕಿರೋ ತನಕ ಯಾರಿಗೂ ಒಂದು ಲೋಟ ಚಾ ಕೊಟ್ಟೋನಲ್ಲ. ನನ್ನ ಫೋನಲ್ಲಿ ನಿಮ್ಮ ಮೆಸೇಜ್ ನೋಡಿ ಅವನ ಸೊಸೆಯಂದಿರು, ಯಾರೋ ನಮ್ಮ ಮನಸ್ಸಲ್ಲಿರೋದನ್ನೇ ಬರ್ದಾರೆ ಅಂದ್ರಂತೆ."

ಬೋರ್ಡಿನ ಕೆಳಗೆ ಮೇಷ್ಟ್ರು

ಬೋರ್ಡುಗಳನ್ನು ಪಕ್ಕಾ ಮಾಡುವ ಮೊದಲು ಜನ ಅವನ್ನು ಓದಿ ದಾರಿ ಹಿಡಿಯುತ್ತಾರೋ ಇಲ್ಲವೋ ನೋಡಬೇಕು. ಹರಿಹರದ ಹೊಸ ಕಟ್ಟಡದಲ್ಲಿ ಎಲ್ಲ ಕಡೆ ಕಾಗದದ ಬೋರ್ಡು ಅಂಟಿಸಿದೆವು. ಬಸ್ ಸ್ಟ್ಯಾಂಡಿನಿಂದ ಕೆಲವರನ್ನು ಚಾ ಕೊಡಿಸುತ್ತೇವೆ ಎಂದು ಕರೆತಂದು, "ರಕ್ತ ಪರೀಕ್ಷೆಯ ರೂಮು ಹುಡುಕ್ರಿ" ಎಂದು ಒಳಗೆ ಬಿಟ್ಟೆವು. ಅಣ್ಣಾರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು.

ಒಬ್ಬರೂ ಬೋರ್ಡ್ ನೋಡಲಿಲ್ಲ. ನೆಟ್ಟಗೆ ವಾಚ್‌ಮನ್ ಹತ್ತಿರ ಹೋಗಿ, "ರಕ್ತ ತೆಗೆಯೋದು ಎಲ್ರಿ?" ಎಂದರು. ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲು ಕಟ್ಟಿತು. ಅವನಿಗೇ ಡಾಕ್ಟರ್ ಬೇಕಾಗುವಂತಾಯಿತು.

ಓದು ಬರುವ ಹೆಂಗಸೊಬ್ಬರನ್ನು ನಿಲ್ಲಿಸಿ ಕೇಳಿದೆ, "ಇಷ್ಟು ದೊಡ್ಡ ಬೋರ್ಡ್ ಕಾಣಲಿಲ್ವೇನಮ್ಮಾ?"

"ಕಾಣ್ತೈತ್ರಿ. ಓದಿದ್ನಿ ಕೂಡ. ಆದ್ರೆ ಬೋರ್ಡಿಗೆ 'ಹೌದಾ?' ಅಂತ ತಿರುಗಿ ಕೇಳಾಕೆ ಆಗಲ್ಲಲ್ರಿ. ಮನುಷ್ಯರಿಗಾದ್ರೆ ಕೇಳ್ಬಹುದು" ಎಂದರು.

ನಾನು ಆ ಮಾತನ್ನು ಹಾಗೇ ಬರೆದುಕೊಂಡೆ. ಮೇಷ್ಟ್ರಿಗೆ ಮಾತ್ರ ಕೋಪ ನೆತ್ತಿಗೇರಿತು. "ಅಕ್ಷರ ಬಂದೂ ಓದದವರನ್ನು ಏನನ್ನಬೇಕು? ಇದಕ್ಕೇ ಕನ್ನಡ ಉದ್ಧಾರವಾಗಿಲ್ಲ" ಎಂದು ಅಣ್ಣಾರ ಮುಂದೆ ನಿಂತು ದೊಡ್ಡ ಭಾಷಣ ಮಾಡಿದರು. ಭಾಷಣದ ನಡುವೆಯೇ ಯಾಕೋ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದರು. ಬೆಳಿಗ್ಗೆಯಿಂದ ಎಲ್ಲರ ಜೊತೆ ಚಾ ಕುಡಿದಿದ್ದರಲ್ಲ. ಕೊನೆಗೆ ಮಾತು ಅರ್ಧಕ್ಕೆ ಬಿಟ್ಟು ಅವಸರದಲ್ಲಿ ವಾಚ್‌ಮನ್ ಹತ್ತಿರ ಹೋಗಿ, "ಪಾಯಖಾನೆ ಎಲ್ಲಪ್ಪಾ?" ಎಂದರು.

ಗಂಟಲು ಕಟ್ಟಿದ್ದ ವಾಚ್‌ಮನ್ ಮಾತಾಡಲಿಲ್ಲ. ಸುಮ್ಮನೆ ಬೆರಳು ಎತ್ತಿ ಮೇಷ್ಟ್ರ ನೆತ್ತಿಯ ಮೇಲೆ ತೋರಿಸಿದ. ಅಲ್ಲಿ ಅವರೇ ಬರೆದ 'ಶೌಚಾಲಯ' ಬೋರ್ಡಿತ್ತು.

"ಬರ್ದೋರೇ ಓದಲ್ಲ!" ಎಂದು ಅಣ್ಣಾರು ತೊಡೆ ತಟ್ಟಿದರು. ಬೆಂಗಳೂರಿನವರ ನಂಬರ್ ಹುಡುಕುತ್ತಾರೇನೋ ಎಂದು ನಾನು ಅವರ ಮೊಬೈಲನ್ನೇ ನೋಡುತ್ತಿದ್ದೆ. ಒಳಗಿನಿಂದ ಮೇಷ್ಟ್ರ ದನಿ ಕೇಳಿತು, "ಚಿಲಕ ಎಲ್ಲಿದೆ ಅಂತ ಒಂದು ಬೋರ್ಡ್ ಹಾಕಬೇಕಿತ್ತು!"

ಖಾಲಿ ಹೊಟ್ಟೆ

ಶುಗರ್ ಪರೀಕ್ಷೆಗೆ ಬರುವವರಿಗೆ ಹಿಂದಿನ ದಿನ ಒಂದು ಮೆಸೇಜ್ ಹೋಗಬೇಕಿತ್ತು. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಬರೆದೆವು. ಇದರಲ್ಲಿ ತಪ್ಪು ಮಾಡಲು ಏನಿದೆ? ದಾವಣಗೆರೆಯ ಆಸ್ಪತ್ರೆಯಲ್ಲಿ ಪ್ರಯೋಗಕ್ಕೆ ಕಳಿಸಿದೆವು. ಮಾರನೆಯ ದಿನ ಡಾಕ್ಟ್ರು ಗಾಬರಿಯಿಂದ ಕರೆಸಿದರು. ಬಂದವರಲ್ಲಿ ಮುಕ್ಕಾಲು ಜನಕ್ಕೆ ಶುಗರ್ ಆಕಾಶದಲ್ಲಿತ್ತು.

ಲ್ಯಾಬಿನ ಮುಂದೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ, "ಬೆಳಿಗ್ಗೆ ಏನು ತಿಂದ್ರಿ ಯಜಮಾನ್ರೇ?"

"ಏನೂ ತಿಂದಿಲ್ರಿ. ಖಾಲಿ ಹೊಟ್ಟೆ."

"ಚಾ?"

"ಚಾ ಕುಡಿದೀನಿ. ಅದೇನು ತಿನ್ನೋದೇನ್ರಿ?"

"ಮತ್ತೇನಾದ್ರೂ?"

"ಬರೇ ಚಾ ಹೆಂಗ್ರಿ ಕುಡಿಯೋದು? ಒಂದಿಷ್ಟು ಮಂಡಕ್ಕಿ, ಎರಡು ಮಿರ್ಚಿ. ದಾರೀಲಿ ಗೆಳೆಯ ಸಿಕ್ಕಿದ್ದ, ಅವನ ಒತ್ತಾಯಕ್ಕೆ ಒಂದು ಬೆಣ್ಣೆ ದೋಸೆ. ಊಟ ಮಾತ್ರ ಮುಟ್ಟಿಲ್ಲ ನೋಡ್ರಿ!"

ಈ ಊರಲ್ಲಿ ಮಂಡಕ್ಕಿ ಹೊಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದು, ಇಲ್ಲೇ ಹುಟ್ಟಿ ಬೆಳೆದ ನನಗೇ ಹೊಳೆದಿರಲಿಲ್ಲ. ಯೋಚಿಸಿದರೆ ನಾನೂ ಅವತ್ತು ಬೆಳಿಗ್ಗೆ 'ಏನೂ ತಿಂದಿಲ್ಲ' ಎಂದೇ ಮನೆ ಬಿಟ್ಟಿದ್ದೆ, ಬಾಯಲ್ಲಿ ಮಿರ್ಚಿಯ ಖಾರ ಇನ್ನೂ ಇತ್ತು.

ಹಾಗಾದರೆ ಬೇಡವಾದದ್ದೆಲ್ಲ ಹೆಸರಿಟ್ಟು ಬರೆಯೋಣ ಎಂದರು ಡಾಕ್ಟ್ರು. ಚಾ ಬೇಡ, ಮಂಡಕ್ಕಿ ಬೇಡ, ದೋಸೆ ಬೇಡ, ಬಾಳೆಹಣ್ಣು ಬೇಡ ಎಂದು ಶುರುವಾಗಿ ಪ್ರಸಾದಕ್ಕೆ ಬಂದು ನಿಂತಿತು. ಹರಿಹರದವನಾದ ಡಿಸೈನರ್ ಕೈ ಮುಗಿದು, "ನಾನು ದಿನಾ ಗುಡಿ ಮುಂದೆ ಓಡಾಡೋನು ಮೇಡಂ. ಪ್ರಸಾದ ಬ್ಯಾಡ ಅಂತ ನಾನು ಟೈಪ್ ಮಾಡಲ್ಲ" ಎಂದ. ಮೇಷ್ಟ್ರು ಕನ್ನಡಕ ತೆಗೆದಿಟ್ಟು, ನನಗೆ ಕಾಣುವುದೇ ಇಲ್ಲ ಎಂದರು. ಡಾಕ್ಟ್ರು, "ಅಣ್ಣಗೆ ಗೊತ್ತಾದ್ರೆ ಮನೆ ಸೇರಿಸಲ್ಲ" ಎಂದರು. ಒಂದು ಪದ ಬರೆಯುವ ಗಂಡಸು ಅಲ್ಲಿರಲಿಲ್ಲ.

ಕೊನೆಗೆ ಎಲ್ಲವನ್ನೂ ಹೊಡೆದುಹಾಕಿ ನಾನೇ ಬರೆದೆ. "ಬೆಳಿಗ್ಗೆ ಎದ್ದಾಗಿನಿಂದ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ." ಎಲ್ಲರೂ ಭೇಷ್ ಎಂದರು. ಪ್ರಯೋಗಕ್ಕೆ ನಮ್ಮ ಅತ್ತೆಯನ್ನೇ ಕಳಿಸಿದೆ. ಅವರಿಗೂ ಶುಗರ್ ಇದೆ, ಮಂಡಕ್ಕಿಯ ಚಪಲವೂ ಇದೆ.

ರಕ್ತ ತೆಗೆಯುವ ನರ್ಸು ಯಾಕೋ ಮುಖ ಆ ಕಡೆ ತಿರುಗಿಸಿಕೊಂಡೇ ಸೂಜಿ ಚುಚ್ಚಿದಳು. ಮನೆಗೆ ಬಂದ ಅತ್ತೆಯನ್ನು ಕೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು, "ಹಲ್ಲು ತಿಕ್ಕಿಲ್ಲ. ನೀನೇ ಬರ್ದೀಯಲ್ಲ, ನೀರು ಬಿಟ್ಟು ಏನೂ ಬಾಯಿಗೆ ಹಾಕಬ್ಯಾಡ ಅಂತ. ಊರಲ್ಲಿ ಯಾರು ಓದ್ತಾರೋ ಬಿಡ್ತಾರೋ, ಸೊಸೆ ಬರ್ದದ್ದು ನಾನಾದ್ರೂ ಪಾಲಿಸಬ್ಯಾಡೇನೇ?"

ಬೋರ್ಡ್ ಇಲ್ಲದ ಬಾಗಿಲು

ಉದ್ಘಾಟನೆಯ ಹಿಂದಿನ ದಿನ ಬಂತು. ನಮ್ಮ ಹಣೆಬರಹ ತೀರ್ಮಾನವಾಗುವ ದಿನ. ಹರಿಹರದಲ್ಲಿ ಬಿಸಿಲು ಎಂದರೆ ಬಿಸಿಲು, ಹೊಳೆಯ ಕಡೆಯಿಂದಲೂ ಬಿಸಿಗಾಳಿ. ಕಟ್ಟಡದ ಎಸಿಗಳಿಗೆ ಇನ್ನೂ ಕರೆಂಟ್ ಕೊಟ್ಟಿರಲಿಲ್ಲ. ಹೆಸರೆತ್ತಬಾರದ ಆ ಒಂದು ರೂಮಿನ ತಂಪು ಯಂತ್ರವನ್ನು ಮಾತ್ರ ಮೆಕ್ಯಾನಿಕ್ ಬೆಳಿಗ್ಗೆಯಿಂದ ಓಡಿಸಿ ನೋಡುತ್ತಿದ್ದ. ಆ ಬಾಗಿಲಿಗೆ ಬೋರ್ಡಿರಲಿಲ್ಲ. ಉಳಿದ ಬಾಗಿಲುಗಳಲ್ಲೆಲ್ಲ ನಮ್ಮ ಅಕ್ಷರಗಳು ಮದುಮಗಳ ಹಾಗೆ ಹೊಳೆಯುತ್ತಿದ್ದವು.

ಅಣ್ಣಾರು ಬಂದರು. ಬೋರ್ಡುಗಳ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಡೆದರು. ಒಂದನ್ನೂ ಓದಲಿಲ್ಲ. "ಊಟ ಆಗ್ಲಿ, ಆಮೇಲೆ ಹೇಳ್ತೀನಿ" ಎಂದಷ್ಟೇ ಹೇಳಿ, ಅಡುಗೆಯವರು ನಾಳೆಗೆಂದು ರುಚಿ ನೋಡಲು ಕೊಟ್ಟ ಹೋಳಿಗೆಯನ್ನು ಚೆನ್ನಾಗಿಯೇ ರುಚಿ ನೋಡಿದರು. ಆ ಮುಖ ನೋಡಿದರೆ ಏನು ಹೇಳುತ್ತಾರೆಂದು ಗೊತ್ತಾಗುತ್ತಿತ್ತು. ನಾನು ಡಿಸೈನರಿಗೆ, "ಬೇರೆ ಕೆಲಸ ಹುಡುಕಿಕೊಳ್ಳಪ್ಪ" ಎಂದೂ ಹೇಳಿಬಿಟ್ಟೆ.

ಊಟವಾದ ಮೇಲೆ ಅಣ್ಣಾರು ನಾಪತ್ತೆ. ಡಾಕ್ಟ್ರು ಮೇಲೆ ಕೆಳಗೆ ಹುಡುಕಿದರು. ಡ್ರೈವರು ಕಾರಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಫೋನೂ ಕನ್ನಡಕವೂ ಊಟದ ಮೇಜಿನ ಮೇಲೇ ಇದ್ದವು.

ಅಷ್ಟರಲ್ಲಿ ಡಿಸೈನರ್ ಓಡಿ ಬಂದ. ಮುಖದಲ್ಲಿ ರಕ್ತವಿರಲಿಲ್ಲ. "ಮೇಡಂ... ಆ ರೂಮಲ್ಲಿ... ಒಂದು ಬಂದೈತೆ."

"ಏನು ಬಂದೈತೆ?"

"ಹೆಣ."

"ಆಸ್ಪತ್ರೆ ಶುರುವಾಗೋದು ನಾಳೆ! ಇವತ್ತು ಹೆಣ ಎಲ್ಲಿಂದ ಬರುತ್ತೆ?"

"ನನಗೇನ್ ಗೊತ್ರಿ? ಸ್ಟ್ರೆಚರ್ ಮೇಲೆ ಮಲಗೈತೆ. ತಲೆಯಿಂದ ಕಾಲತನಕ ಬಿಳೀ ಬಟ್ಟೆ ಹೊದಿಸ್ಯಾರೆ!"

"ಉದ್ಘಾಟನೆಗೂ ಕಾಯದೆ ಬಂದವರಾರು?" ಎಂದರು ಮೇಷ್ಟ್ರು. ಆ ಗಳಿಗೆಯಲ್ಲೂ ಅವರ ಕನ್ನಡ ಕದಲಲಿಲ್ಲ, ಕಾಲು ಮಾತ್ರ ಕದಲಿತು, ಹಿಂದಕ್ಕೆ.

ಡಾಕ್ಟ್ರ ಮುಖ ಸಣ್ಣದಾಯಿತು. ಉದ್ಘಾಟನೆಯ ಹಿಂದಿನ ದಿನ ಹೆಣ ಸಿಕ್ಕಿತೆಂದರೆ ಪೊಲೀಸು, ಪೇಪರು, ಎಲ್ಲಕ್ಕಿಂತ ಮೇಲೆ ಅಣ್ಣ. ನಾಲ್ವರೂ ಒಬ್ಬರನ್ನೊಬ್ಬರು ಮುಂದೆ ತಳ್ಳಿಕೊಂಡು ಆ ಬಾಗಿಲಿಗೆ ಹೋದೆವು. ಒಳಗೆ ಮಂಜಿನಂಥ ತಂಪು. ಗೋಡೆಗೆ ಸ್ಟೀಲ್ ಬಾಗಿಲುಗಳ ಸಾಲು. ನಡುವೆ ಸ್ಟ್ರೆಚರ್, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಆಚೆ ಎರಡು ಕಾಲು. ನಾನು ಡಾಕ್ಟ್ರ ತೋಳು ಹಿಡಿದುಕೊಂಡೆ, ಡಿಸೈನರ್ ನನ್ನ ಬ್ಯಾಗು ಹಿಡಿದುಕೊಂಡ, ಮೇಷ್ಟ್ರು ಬಾಗಿಲು ಹಿಡಿದುಕೊಂಡರು.

ಡಾಕ್ಟ್ರು ಧೈರ್ಯ ಮಾಡಿ ಬಟ್ಟೆಯೊಳಗೆ ಕೈ ಹಾಕಿ ನಾಡಿ ಹಿಡಿದರು.

"ಚಾ ತಂದ್ಯೇನೋ?" ಎಂದಿತು ಹೆಣ. ಎಂದದ್ದೇ ಎದ್ದು ಕೂತಿತು.

ಡಿಸೈನರ್ ಎಲ್ಲಿ ನಿಂತಿದ್ದನೋ ಅಲ್ಲೇ ಕುಸಿದ. ನಾನು ಕೂಗಿದ ಕೂಗಿಗೆ ಹೊರಗೆ ಡ್ರೈವರು ಎದ್ದು ಕಾರು ಸ್ಟಾರ್ಟ್ ಮಾಡಿದನಂತೆ. ಬಟ್ಟೆ ಸರಿದು ಅಣ್ಣಾರ ಮುಖ ಹೊರಗೆ ಬಂತು. ಕನ್ನಡಕವಿಲ್ಲ, ಕಣ್ಣ ತುಂಬ ನಿದ್ದೆ, ಮುಖದ ತುಂಬ ನಗು.

"ಯಾ ಪರಿ ಕೂಗ್ತೀರಿ! ಎಂಥಾ ನಿದ್ದೆ ಬಂದಿತ್ತು. ಇಡೀ ಬಿಲ್ಡಿಂಗಲ್ಲಿ ಇದೊಂದೇ ರೂಮ್ ನೆಟ್ಟಗೈತೆ ನೋಡು ತಮ್ಮಾ. ತಂಪು ಅಂದ್ರೆ ತಂಪು, ಮಂಚ ರೆಡಿ, ಹೊದಿಯೋಕೆ ಬಟ್ಟೆ ರೆಡಿ. ನಾಳೆಯಿಂದ ಇದೇ ನನ್ನ ಆಫೀಸು" ಎಂದು ಮೈ ಮುರಿದು, ನನ್ನ ಕಡೆ ತಿರುಗಿದರು. "ಅಲ್ರಿ ಮೇಡಂ, ಇಷ್ಟು ಒಳ್ಳೇ ರೂಮಿಗೆ ಒಂದು ಬೋರ್ಡ್ ಹಾಕ್ಬಾರದೇನ್ರಿ? ಯಾವ ರೂಮಿದು?"

ಡಾಕ್ಟ್ರು ನನ್ನ ಕಡೆ ನೋಡಿದರು, ಮೇಷ್ಟ್ರು ನನ್ನ ಕಡೆ ನೋಡಿದರು, ನೆಲದ ಮೇಲಿಂದ ಡಿಸೈನರ್ ಕೂಡ ನನ್ನ ಕಡೆಗೇ ನೋಡಿದ.

"ಅಣ್ಣಾರೆ," ಎಂದೆ, "ಎಲ್ಲೈತೆ ಅಂತ ನನಗೂ ಹೇಳಬ್ಯಾಡ್ರಿ ಅಂದಿದ್ರಲ್ಲ. ಆ ರೂಮು."

ಅಣ್ಣಾರ ನಗು ಹಾಗೇ ನಿಂತಿತು. ಸ್ಟೀಲ್ ಬಾಗಿಲುಗಳನ್ನು ನೋಡಿದರು. ಮೈಮೇಲಿನ ಬಿಳಿ ಬಟ್ಟೆ ನೋಡಿದರು. ತಾವು ಕೂತ ಸ್ಟ್ರೆಚರ್ ನೋಡಿದರು. ಆಮೇಲೆ ನಾವು ನೋಡಿದ್ದು ಅವರ ಬೆನ್ನು ಮಾತ್ರ. ಆ ವಯಸ್ಸಿನಲ್ಲಿ ಆ ಓಟ! ಚಪ್ಪಲಿಯನ್ನೂ ಮೆಟ್ಟದೆ, ಸ್ಟಾರ್ಟ್ ಆಗಿಯೇ ನಿಂತಿದ್ದ ಕಾರು ಹತ್ತಿ ನೆಟ್ಟಗೆ ತುಂಗಭದ್ರೆಗೆ ಹೋಗಿ, ಉಟ್ಟ ಪಂಚೆಯಲ್ಲೇ ಮುಳುಗು ಹಾಕಿದರಂತೆ.

ನಾವು ಮೆಟ್ಟಿಲ ಮೇಲೆ ಸಾಲಾಗಿ ಕೂತು ಕಾದೆವು. ಮುಗಿಯಿತು ನಮ್ಮ ಕಥೆ ಎಂದು ನನಗೆ ಅಳುವೇ ಬಂತು. ಸ್ವಲ್ಪ ಹೊತ್ತಿಗೆ ಕಾರು ವಾಪಸು ಬಂತು. ಹಣೆ ತುಂಬ ವಿಭೂತಿ, ತೊಟ್ಟಿಕ್ಕುವ ಪಂಚೆ, ಅಣ್ಣಾರು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಆಶ್ಚರ್ಯವೆಂದರೆ, ಈ ಸಲ ಮೇಜಿನ ಮೇಲಿದ್ದ ಕನ್ನಡಕ ಏರಿಸಿಕೊಂಡು, ಪ್ರತಿ ಬಾಗಿಲ ಮುಂದೆಯೂ ನಿಂತು, ಮೇಲಿನ ಬೋರ್ಡನ್ನು ಗಟ್ಟಿಯಾಗಿ ಓದಿ, ಆಮೇಲೇ ಒಳಗೆ ಕಾಲಿಟ್ಟರು.

"ಮೇಡಂ, ಬೆಂಗಳೂರಿನೋರಿಗೆ ಬ್ಯಾಡ ಅಂತ ಹೇಳಿಬಿಡ್ತೀನಿ. ಮುಂದಿನ ಕೆಲ್ಸ ಎಲ್ಲ ನಿಮ್ದೇ. ಒಂದು ಬಾಗ್ಲೂ ಬೋರ್ಡ್ ಇಲ್ದೆ ಬಿಡಬ್ಯಾಡ್ರಿ. ಮೊದ್ಲು ಅದಕ್ಕೆ ಹಾಕ್ರಿ, ಈಗಿಂದೀಗ್ಲೇ" ಎಂದರು.

ಮೇಷ್ಟ್ರು ಪೆನ್ನು ತೆಗೆದು ಮೆಲ್ಲಗೆ ಕೇಳಿದರು, "ಏನಂತ ಬರೀಲಿ ಅಣ್ಣಾರೆ? ಸ್ವಲ್ಪ ಶುಭವಾಗಿ ಕೇಳುವಂಥ ಪದ ಹುಡುಕಲೇ?"

"ಶುಭನೂ ಬ್ಯಾಡ, ಗಿಭನೂ ಬ್ಯಾಡ. ಏನ್ ಐತೋ ಅದನ್ನೇ ಬರೀರಿ ಮೇಷ್ಟ್ರೇ. ಆದ್ರೆ ಹೋಳಿಗೆ ಊಟ ಮಾಡಿ, ಕನ್ನಡಕ ಮರೆತು ಬಂದೋನಿಗೂ ಕಾಣೋ ಅಷ್ಟು ದಪ್ಪಗೆ ಬರೀರಿ!"